ಸ್ಟಾಫರ್ಡಿನ ಪದ್ಯದ ನಾಷ್ಟಾ

ಹೋದ ವಾರ ಮಗನಿಗೆ ನೆಗಡಿಯಾಗಿತ್ತು. ಅಗಲ ಬಾಯಿಯ ಪಾತ್ರೆಯಲ್ಲಿ ನೀರು ಕುದಿಸಿ, ನಾಲ್ಕು ಹನಿ ನೀಲಗಿರಿ ಎಣ್ಣೆ ಬಿಟ್ಟು, ಅವನ ತಲೆಯ ಮೇಲೆ ಟವೆಲ್ ಹೊದಿಸಿ ಕೂರಿಸಿದೆ. ಟವೆಲ್ಲಿನ ಅಂಚಿನಿಂದ ತಪ್ಪಿಸಿಕೊಂಡ ಹಬೆ ನನ್ನ ಮೂಗಿಗೂ ಬಡಿಯಿತು. ಕನ್ನಡದ ಮನೆಯಲ್ಲಿ ಬೆಳೆದ ಯಾರನ್ನೇ ಕೇಳಿ, ಆ ವಾಸನೆ ಎಂದರೆ ಕಟ್ಟಿದ ಮೂಗು, ಶಾಲೆಗೆ ಚಕ್ಕರ್, ಎದೆ ತಿಕ್ಕುವ ಅಮ್ಮನ ಕೈ ಎನ್ನುತ್ತಾರೆ. ನನಗೆ ಹಾಗಲ್ಲ. ನನಗೆ ಅದು ಚಹಾದ ವಾಸನೆ. ಹೊಗೆಗೆ ಕಪ್ಪಾದ ತಗಡಿನ ಡಬ್ಬಿಯಲ್ಲಿ ಹಸಿ ನೀಲಗಿರಿ ಎಲೆಯೊಂದನ್ನು ಹಾಕಿ ಕುದಿಸಿದ, ಹಾಲಿಲ್ಲದ, ಕಡುಗೆಂಪು ಚಹಾ. ಅದರ ಬೆನ್ನಿಗೇ ಕಟ್ಟಿಗೆಯ ಬೆಂಕಿ, ಕೆಂಡದಡಿ ಬೇಯುವ ರೊಟ್ಟಿ, ಒಗ್ಗರಣೆಯ ಕರಿಬೇವು, ಟೊಪ್ಪಿಗೆ ತೆಗೆದು ಎದ್ದು ನಿಂತು ಪದ್ಯ ಹೇಳುವ ಮುದುಕರ ಗಂಟಲು, ಎಲ್ಲ ಒಂದೊಂದಾಗಿ ಬಂದವು. ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನ ನಮ್ಮ ಅಡುಗೆಮನೆಯಲ್ಲಿ ನಾನು ಹಾಗೇ ಕಣ್ಣು ಮುಚ್ಚಿ ನಿಂತಿದ್ದಾಗ ಪಕ್ಕದ ಕೋಣೆಯಿಂದ ಗಂಗತ್ತಿಯ ದನಿ ಬಂತು, ಎರಡು ಹನಿ ಸಾಕಿತ್ತು, ಕೂಸಿನ ಕಣ್ಣು ಉರಿದಾವು ಎಂದು.

ಗಂಗತ್ತಿ ಎಂದರೆ ನನ್ನ ಅಪ್ಪನ ಅಕ್ಕ, ಗಂಗಾ. ಧಾರವಾಡದಿಂದ ನರ್ಸ್ ಆಗಿ ಹ್ಯೂಸ್ಟನ್ನಿಗೆ ಬಂದವಳು, ನಮ್ಮ ಮನೆತನದಲ್ಲಿ ವಿಮಾನ ಹತ್ತಿದ ಮೊದಲನೆಯವಳು. ಒಮ್ಮೆ ಅವಳ ವಾರ್ಡಿಗೆ ಕಾಲು ಮುರಿದುಕೊಂಡ ಆಸ್ಟ್ರೇಲಿಯಾದವನೊಬ್ಬ ಬಂದ. ಪೈಪ್‌ಲೈನ್ ಹಾಕುವ ಕೆಲಸದವನು, ಹೆಸರು ಕ್ಲೆಮ್. ಸುಮ್ಮನೆ ಮಲಗಲಾರದೆ ಆ ಮಹಾರಾಯ ಮೂರು ದಿನ ಇಡೀ ವಾರ್ಡಿಗೆ ಪದ್ಯ ಹೇಳಿದ. ಕುರಿ ಕಾಯುವವರು, ಕುದುರೆ ಪಳಗಿಸುವವರು, ಹೆಂಡತಿಗೆ ಹೆದರುವ ಗಟ್ಟಿಗರು, ಹೊಳೆ ಬಂದು ಕೊಚ್ಚಿಹೋದ ಸೇತುವೆಗಳು. ಅವನ ನಾಡಿನ ಹುಲ್ಲುಗಾವಲಿನ ಮಂದಿ ಬೆಂಕಿಯ ಸುತ್ತ ಕೂತು ಕಟ್ಟಿ, ಬಾಯಿಂದ ಬಾಯಿಗೆ ದಾಟಿಸುತ್ತ ಬಂದ ಈ ಬಗೆಯ ಹಾಡುಗಬ್ಬಕ್ಕೆ ಅಲ್ಲಿ ಬುಶ್ ಪದ್ಯ ಎನ್ನುತ್ತಾರೆ. ಸಾಲಿನ ಕೊನೆಗೆ ಪ್ರಾಸ, ನಡುವೆಲ್ಲ ಕುದುರೆಯ ನಡಿಗೆ. ಗಂಗತ್ತಿ ಮೊದಲ ದಿನ ಬಾಯಿ ಮುಚ್ಚಿಕೊಂಡು ಮಲಗಲು ಹೇಳಿದಳಂತೆ. ಎರಡನೇ ದಿನ, ಇದು ನಮ್ಮ ಲಾವಣಿಯೇ ಆಯಿತಲ್ಲ ಅನ್ನಿಸಿತಂತೆ. ಮೂರನೇ ದಿನ ಅವನು ಒಂದು ಸಾಲು ಮರೆತು ತಡವರಿಸಿದಾಗ, ಪಕ್ಕದ ಹಾಸಿಗೆಯವನಿಗೆ ಸೂಜಿ ಚುಚ್ಚುತ್ತಿದ್ದವಳು ಅಲ್ಲಿಂದಲೇ ಆ ಸಾಲನ್ನು ಎತ್ತಿಕೊಟ್ಟಳು. ಮದುವೆ ಆದದ್ದೇ ಅದರಿಂದ ಎಂದು ಇಬ್ಬರೂ ಹೇಳುತ್ತಿದ್ದರು. ಧಾರವಾಡದ ಅಜ್ಜ ಎರಡು ವರ್ಷ ಕಾಗದ ಬರೆಯಲಿಲ್ಲ. ಆಮೇಲೆ ಬರೆದ ಮೊದಲ ಕಾಗದದಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಅವನು ಏನು ಉಣ್ಣುತ್ತಾನೆ ಎಂದು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಉಣ್ಣುತ್ತಾನೆ ಎಂಬ ಉತ್ತರ ಹೋದ ಮೇಲೆ ಎಲ್ಲ ಸರಿಹೋಯಿತು.

ಅವರಿಬ್ಬರ ಮನೆ ಇದ್ದದ್ದು ಹ್ಯೂಸ್ಟನ್ನಿನ ಅಂಚಿನ ಸ್ಟಾಫರ್ಡಿನಲ್ಲಿ, ಇಂಡಿಯನ್ ಅಂಗಡಿಗಳ ಸಾಲಿನ ಹಿಂದೆ. ಇಟ್ಟಿಗೆಯ ಚಿಕ್ಕ ಮನೆ, ಅದಕ್ಕೆ ಒಪ್ಪದಷ್ಟು ದೊಡ್ಡ ಹಿತ್ತಲು, ಹಿತ್ತಲಿಗೊಂದು ಮರದ ಗೇಟು, ಮೂಲೆಯಲ್ಲಿ ಕ್ಲೆಮ್ ಮಾಮಾ ಸಸಿ ತಂದು ನೆಟ್ಟು ಬೆಳೆಸಿದ ನೀಲಗಿರಿ ಮರ. ಅವರಿಗೆ ಮಕ್ಕಳಿರಲಿಲ್ಲ. ನನ್ನ ಅಪ್ಪ ಅಮ್ಮ ಇಬ್ಬರೂ ಆಫೀಸಿನವರು. ಶುಕ್ರವಾರ ಸಂಜೆ ನನ್ನನ್ನು ಅಲ್ಲಿ ಬಿಟ್ಟರೆ ಭಾನುವಾರವೇ ಕರೆದೊಯ್ಯುತ್ತಿದ್ದರು. ನಾನು ಆ ಮನೆಯ ಅರ್ಧ ಮಗಳು. ಮೈಸೂರಿನವಳಾದ ಅಮ್ಮನಿಗೆ ಒಂದೇ ತಕರಾರು. "ಅಷ್ಟು ದೊಡ್ಡವರನ್ನ ಅವನು ಇವನು ಅಂತೀಯಲ್ಲೇ ಚಿನ್ನಿ" ಎಂದು ಬೈಯುತ್ತಿದ್ದಳು. ಆದರೆ ಗಂಗತ್ತಿ ಗಂಡನನ್ನು ‘ಅಂವ’ ಎನ್ನುತ್ತಿದ್ದಳು, ನನಗೂ ಅದೇ ಬಂತು. ಇವತ್ತಿಗೂ ಮಾಮಾನನ್ನು ಬಹುವಚನದಲ್ಲಿ ನೆನೆದರೆ ಬೇರೆ ಯಾರೋ ಎನ್ನಿಸುತ್ತದೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ: ಆಗ ನಾನು ಕನ್ನಡ ಕೇಳಿಸಿಕೊಳ್ಳುತ್ತಿದ್ದೆ, ಮಾತಾಡುತ್ತಿರಲಿಲ್ಲ. ಗಂಗತ್ತಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ. ಓದಲು ಬರೆಯಲು ಅಂತೂ ಒಂದಕ್ಷರ ಬರುತ್ತಿರಲಿಲ್ಲ.

ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಆ ಹಿತ್ತಲಿನಲ್ಲಿ ಪದ್ಯದ ನಾಷ್ಟಾ. ಅವನ ನಾಡಿನಲ್ಲಿ ಜಾತ್ರೆ ಕೂಟಗಳ ಮಾರನೇ ಬೆಳಿಗ್ಗೆ ಕವಿಗಳೆಲ್ಲ ಸೇರಿ ತಿಂಡಿ ತಿನ್ನುತ್ತ, ಎದ್ದು ನಿಲ್ಲಬೇಕು ಅನ್ನಿಸಿದವರು ಎದ್ದು ನಿಂತು ಹೇಳುವ ಪದ್ಧತಿಯಿದೆಯಂತೆ. ಅದನ್ನೇ ಮಾಮಾ ಇಲ್ಲಿ ಹೂಡಿದ. ಹ್ಯೂಸ್ಟನ್ನಿನ ತೈಲ ಕಂಪನಿಗಳಲ್ಲಿದ್ದ ಆಸ್ಟ್ರೇಲಿಯಾದವರು ಬರುತ್ತಿದ್ದರು. ಡಾಲಸ್‌ನಿಂದ ನಾಲ್ಕು ತಾಸು ಡ್ರೈವ್ ಮಾಡಿಕೊಂಡು ಬರುವ ದಂಪತಿಗಳಿದ್ದರು. ದನ ಸಾಕುವ ಟೆಕ್ಸಾಸಿನ ಮುದುಕರೂ ಬರುತ್ತಿದ್ದರು, ಅವರದೂ ಕುದುರೆ ಮೇಲಿನ ಪದ್ಯಗಳ ಒಂದು ಪರಂಪರೆ ಉಂಟಲ್ಲ. ಅವರಲ್ಲಿ ವೆಸ್ ಎಂಬ ಉದ್ದನೆಯ ಅಂಕಲ್ ಒಬ್ಬರು ಮಾಮಾನ ಜೀವದ ಗೆಳೆಯ. ಮಾಮಾ ಬೆಳಿಗ್ಗೆಯೇ ಎದ್ದು ಮೈದಾಹಿಟ್ಟು, ಉಪ್ಪು, ನೀರು ಕಲಸಿ, ಬೀಡುಕಬ್ಬಿಣದ ಗಡಿಗೆಯಲ್ಲಿಟ್ಟು, ಮೇಲೆ ಕೆಳಗೆ ಕೆಂಡ ಸುರಿದು ದಪ್ಪನೆಯ ರೊಟ್ಟಿ ಬೇಯಿಸುತ್ತಿದ್ದ. ಗಂಗತ್ತಿ ಅದರ ಮೇಲೆ ಬೆಲ್ಲದ ಪಾಕದಂಥ ಕಾಕವಿ ಸುರಿದು, ಪಕ್ಕದಲ್ಲಿ ಚುರುಮುರಿಯ ಸೂಸಲಾ, ಮಿರ್ಚಿ ಭಜಿ ಇಟ್ಟು ಕೊಡುತ್ತಿದ್ದಳು. ಚಹಾ ಕುದಿದ ಮೇಲೆ ಮಾಮಾ ತಂತಿಯ ಹಿಡಿಕೆ ಹಿಡಿದು ಆ ಡಬ್ಬಿಯನ್ನು ಗಿರ್ರನೆ ತಲೆಯ ಸುತ್ತ ಮೂರು ಸಲ ಬೀಸುತ್ತಿದ್ದ, ಸೊಪ್ಪು ತಳಕ್ಕೆ ಕೂರಲಿ ಎಂದು. ಒಂದು ಹನಿ ಚೆಲ್ಲಿದ್ದನ್ನು ನಾನು ಕಂಡಿಲ್ಲ. ಗೇಟಿನಲ್ಲಿ ನಿಂತು ಬಂದವರನ್ನೆಲ್ಲ ಗಂಗತ್ತಿ ಒಂದೇ ಮಾತಿನಿಂದ ಒಳಕ್ಕೆ ಕರೆಯುತ್ತಿದ್ದಳು, "ಉಂಡೀರೇನ್ರಿ?" ಎಂದು. ಬೆಳಗಿನ ಒಂಬತ್ತಕ್ಕೆ ಯಾರು ಉಂಡಿರುತ್ತಾರೆ ಹೇಳಿ? ಆದರೆ ಆ ಹಿತ್ತಲಿಗೆ ಬರುತ್ತಿದ್ದ ಪ್ರತಿಯೊಬ್ಬ ಬಿಳಿಯನಿಗೂ ಬಿಳಿಯಳಿಗೂ ಅದರ ಅರ್ಥ ಗೊತ್ತಿತ್ತು. ವೆಸ್ ಅಂಕಲ್ ಟೊಪ್ಪಿಗೆ ಎತ್ತಿ, ತಮ್ಮ ಎಳೆದಾಡುವ ರಾಗದಲ್ಲಿ "ಇಲ್ರಿ" ಎನ್ನುತ್ತಿದ್ದರು. ಅವರಿಗೆ ಬರುತ್ತಿದ್ದ ಕನ್ನಡ ಅಷ್ಟೇ, ಅದು ಅವರಿಗೆ ಸಾಕಾಗಿತ್ತು.

ಆ ಹಿತ್ತಲಿನ ಕಟ್ಟಳೆ ಕಟ್ಟುನಿಟ್ಟು. ಪದ್ಯ ಬಾಯಿಪಾಠ ಬರಬೇಕು. ಯಾರದು ಎಂದು ಮೊದಲು ಹೇಳಬೇಕು. ಹೇಳುವ ದಿನ ಅದನ್ನು ಬೆಳಿಗ್ಗೆಯಿಂದ ಬಾಯಿಗೆ ತರಬಾರದು, ತಂದರೆ ರುಚಿ ಕೆಡುತ್ತದೆ ಎಂಬುದು ಮಾಮಾನ ನಂಬಿಕೆ. ಕಾಗದ ಯಾರ ಕೈಯಲ್ಲೂ ಇರಕೂಡದು, ಒಬ್ಬರನ್ನು ಬಿಟ್ಟು. ಆ ಒಬ್ಬರು ಗಂಗತ್ತಿ. ನೀಲಿ ರಟ್ಟಿನ ಒಂದು ದಪ್ಪ ಪುಸ್ತಕದಲ್ಲಿ ಮಾಮಾನ ಪದ್ಯಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆದಿಟ್ಟುಕೊಂಡು, ಅವನು ನಿಂತಾಗ ಎದುರಿಗೆ ತಗ್ಗಿನ ಸ್ಟೂಲಿನ ಮೇಲೆ ಕೂತು, ಸಾಲಿನ ಮೇಲೆ ಬೆರಳು ಸರಿಸುತ್ತ ಹೋಗುವಳು. ಅವನು ತಡವರಿಸಿದರೆ ಮುಂದಿನ ಮಾತನ್ನು ಮೆಲ್ಲಗೆ ಎತ್ತಿಕೊಡುವಳು. ನಾಟಕ ಕಂಪನಿಗಳಲ್ಲಿ ಪರದೆಯ ಸಂದಿಯಲ್ಲಿ ನಿಂತು ಮಾತು ಎತ್ತಿಕೊಡುವವರು ಇರುತ್ತಿದ್ದರಲ್ಲ, ಹಾಗೆ. ಪುಟದ ಅಂಚುಗಳಲ್ಲಿ ಅವಳು ಕನ್ನಡದಲ್ಲಿ ಏನೇನೋ ಗೀಚಿಕೊಂಡಿರುತ್ತಿದ್ದಳು. ನನಗೆ ಅದು ಜಿಲೇಬಿಯ ಸಾಲಿನಂತೆ ಕಾಣುತ್ತಿತ್ತು. ಆ ಸ್ಟೂಲಿನ ಮೇಲೆ ಒಂದು ದಿನ ನಾನು ಕೂರಬೇಕು, ಆ ಪುಸ್ತಕ ನನ್ನ ತೊಡೆಯ ಮೇಲಿರಬೇಕು ಎನ್ನುವುದಕ್ಕಿಂತ ದೊಡ್ಡ ಆಸೆ ಆಗ ನನಗೆ ಇರಲಿಲ್ಲ.

ನನಗೆ ಹನ್ನೊಂದಾಗಿದ್ದಾಗ ಆಸ್ಟಿನ್ನಿನ ಕೂಟದ ಸುದ್ದಿ ಬಂತು. ಟೆಕ್ಸಾಸಿನ ದನಗಾಹಿ ಪದ್ಯದವರೂ ಬುಶ್ ಪದ್ಯದವರೂ ಸೇರಿ ನಡೆಸುವ ಸ್ಪರ್ಧೆ. ಆ ವರ್ಷ ಗೆದ್ದವರನ್ನು ಆಸ್ಟ್ರೇಲಿಯಾಕ್ಕೆ, ಅದೂ ಮಾಮಾ ಹುಟ್ಟಿದ ಊರಿನ ಪಕ್ಕದಲ್ಲೇ ನಡೆಯುವ ದೊಡ್ಡ ಕೂಟಕ್ಕೆ ಕಳಿಸುತ್ತಾರೆಂದು ಮಾತಾಗಿತ್ತು. ಮಾಮಾ ಮೂವತ್ತು ವರ್ಷದಿಂದ ಊರಿಗೆ ಹೋಗಿರಲಿಲ್ಲ. ಅಡುಗೆಮನೆಯ ಬಾಗಿಲು ಹಾಕಿಕೊಂಡು, ಗಂಗತ್ತಿ ಒಬ್ಬಳನ್ನೇ ಎದುರಿಗೆ ಕೂರಿಸಿಕೊಂಡು, ಹೊಸ ಪದ್ಯವೊಂದನ್ನು ಕಟ್ಟಿದ. ಗೇಟಿನ ಪದ್ಯ. ಅದನ್ನು ಆ ಗೇಟಿದ್ದ ನೆಲದ ಮೇಲೆ ನಿಂತು ಒಮ್ಮೆ ಹೇಳಬೇಕು, ಅಷ್ಟಾದರೆ ತನಗೆ ಬೇರೇನೂ ಬೇಡ ಎಂದು ಊಟಕ್ಕೆ ಕೂತಾಗ ಒಮ್ಮೆ ನಮ್ಮಿಬ್ಬರಿಗೂ ಹೇಳಿದ. ಅವನು ಹಾಗೆ ಏನನ್ನಾದರೂ ಬೇಕು ಎಂದದ್ದನ್ನು ನಾನು ಅದೊಮ್ಮೆಯೇ ಕೇಳಿದ್ದು.

ಸ್ಪರ್ಧೆಯ ಹಿಂದಿನ ದಿನ ಗಂಗತ್ತಿಯ ಜೊತೆಯ ನರ್ಸ್ ಒಬ್ಬಳಿಗೆ ಹುಷಾರು ತಪ್ಪಿತು, ಇವಳ ಡ್ಯೂಟಿ ಮುಂದುವರಿಯಿತು, ರಜೆ ರದ್ದಾಯಿತು. ಎತ್ತಿಕೊಡುವವರಿಲ್ಲದೆ ಮಾಮಾ ಎಂದೂ ನಿಂತವನಲ್ಲ. ನಾನು ಬರುತ್ತೇನೆ, ನನಗೆ ಎಲ್ಲ ಗೊತ್ತು ಎಂದು ನಾನೇ ಮುಂದೆ ಬಿದ್ದೆ. ಗಂಗತ್ತಿ ಆಸ್ಪತ್ರೆಯಿಂದ ಫೋನ್ ಮಾಡಿ, "ಪುಸ್ತಕದಾಗ ಎಲ್ಲಾ ಬರದೀನಿ. ಅದರಂಗ ಮಾಡು, ಹೆದರಬ್ಯಾಡ ಚಿನ್ನಿ" ಎಂದಳು. ನಾನು ಓಕೆ ಎಂದೆ. ಹೆದರಿಕೆಯೇ? ನನಗೆಂಥ ಹೆದರಿಕೆ! ಕಾರಿನಲ್ಲಿ ಆ ಪುಟ ತೆರೆದು ಇಂಗ್ಲಿಷಿನ ಸಾಲುಗಳನ್ನು ಮೂರು ಸಲ ಓದಿಕೊಂಡೆ. ಅಂಚಿನಲ್ಲಿ ಜಿಲೇಬಿಯ ಸಾಲೂ ಇತ್ತು. ಅದೇನೆಂದು ಮಾಮಾನನ್ನು ಕೇಳಿದರೆ ಅವನಿಗೂ ಬಾರದು, ಗಂಗತ್ತಿಯನ್ನು ಕೇಳಿದರೆ ನನ್ನ ಜಂಬಕ್ಕೆ ಕುಂದು. ಬಿಟ್ಟೆ.

ಪದ್ಯದ ಕಥೆ ಇಷ್ಟು. ಹುಲ್ಲುಗಾವಲಿನ ಒಂಟಿಮನೆ, ತಂದೆ, ಎಂಟು ವರ್ಷದ ಮಗ. ಗೇಟು ಹೇಗಿತ್ತೋ ಹಾಗೇ ಬಿಟ್ಟು ಬಾ ಎಂಬುದು ಆ ಸೀಮೆಯ ಮೊದಲ ಪಾಠ. ಮಗ ಗೇಟು ಹಾಕಲು ಮರೆತ. ಕುರಿಗಳೆಲ್ಲ ದಾರಿ ಹಿಡಿದು ಹೋದವು. ತಂದೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲಿ ನಡೆದು ಒಂದೊಂದನ್ನೂ ಕೂಡಿಸಿ ಹೊಡೆದುಕೊಂಡು ಬಂದ. ಹುಡುಗ ಗೇಟಿನಲ್ಲಿ ನಡುಗುತ್ತ ನಿಂತಿದ್ದಾನೆ. ತಂದೆ ಎದುರಿಗೆ ಬಂದು ನಿಂತ, ಧೂಳು ಒರೆಸಿಕೊಂಡ, ಮಗನನ್ನು ನೋಡಿದ. ಮುಂದಿನ ಸಾಲು ತಂದೆಯ ಮಾತು: ಉಂಡೆಯೇನೋ ಮಗನೇ? ಇಂಗ್ಲಿಷಿನಲ್ಲಿ ಅದು ಚಿಕ್ಕ ಚಿಕ್ಕ ನಾಲ್ಕು ಶಬ್ದ. ಅದರ ಮೇಲೆ ಮತ್ತೆರಡು ಸಾಲು, ಮುಗಿಯಿತು.

ಸ್ಪರ್ಧೆಯ ಹಾಲಿನಲ್ಲಿ ಇನ್ನೂರು ಜನರಿದ್ದರೋ ಏನೋ. ಮಾಮಾ ಟೊಪ್ಪಿಗೆ ತೆಗೆದು ಎದೆಗೆ ಹಿಡಿದು ಶುರು ಮಾಡಿದ. ಅವನು ಅಷ್ಟು ಚೆಂದ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಕುರಿಗಳು ಕಂಡವು, ಧೂಳು ಕಂಡಿತು, ಪಕ್ಕದ ಹೆಂಗಸು ಕರವಸ್ತ್ರ ಹುಡುಕಿದಳು. ನನ್ನ ಬೆರಳು ಸಾಲಿನ ಮೇಲೆ ಸರಿಯಾಗಿ ಹೋಗುತ್ತಿತ್ತು. ತಂದೆ ಎದುರಿಗೆ ಬಂದ, ಧೂಳು ಒರೆಸಿಕೊಂಡ, ನೋಡಿದ. ಮಾಮಾ ನಿಂತ. ನನ್ನ ಬೆರಳೂ ನಿಂತಿತು. ಒಂದು ಎಣಿಸಿದೆ, ಎರಡು ಎಣಿಸಿದೆ. ಅವನು ಬಾಯಿ ತೆರೆಯಲಿಲ್ಲ. ಮರೆತಿದ್ದಾನೆ, ಈಗಲೇ ನಾನು ಬೇಕಾದದ್ದು, ಇದಕ್ಕೇ ನನ್ನನ್ನು ಕರೆತಂದದ್ದು! ಎದ್ದು ನಿಂತು, ಮೆಲ್ಲಗಲ್ಲ, ಇಡೀ ಹಾಲಿಗೆ ಕೇಳುವಂತೆ ಆ ನಾಲ್ಕು ಶಬ್ದಗಳನ್ನು ಕೂಗಿ ಹೇಳಿದೆ.

ಜನ ನಕ್ಕರು. ಕೆಟ್ಟ ನಗೆಯಲ್ಲ, ಹುಡುಗಿಯ ಉತ್ಸಾಹಕ್ಕೆ ನಕ್ಕ ನಗೆ. ಆದರೆ ಹಾಲು ಒಡೆದಿತ್ತು. ಮಾಮಾ ನನ್ನತ್ತ ನೋಡಿ ತಲೆಯಾಡಿಸಿ, ಉಳಿದ ಎರಡು ಸಾಲು ಹೇಳಿ, ಬಾಗಿ, ಇಳಿದ. ಪುಸ್ತಕ ಹಿಡಿದವರು ಎದುರಿಗೆ ಕೂರಬಹುದು, ಆದರೆ ಎತ್ತಿಕೊಟ್ಟ ಪದ್ಯಕ್ಕೆ ಬಹುಮಾನವಿಲ್ಲ ಎಂಬುದು ಅಲ್ಲಿಯ ನಿಯಮವಾಗಿತ್ತು. ಆಸ್ಟ್ರೇಲಿಯಾಕ್ಕೆ ಬೇರೆ ಯಾರೋ ಹೋದರು. ಏನೋ ತಪ್ಪಾಗಿದೆ ಎಂದು ನನಗೆ ಗೊತ್ತಾದದ್ದು ವೆಸ್ ಅಂಕಲ್ ಬಂದು ನನ್ನ ತಲೆ ಸವರಿದಾಗ.

ವಾಪಸ್ ಬರುವಾಗ ಎಪ್ಪತ್ತೊಂದನೇ ಹೆದ್ದಾರಿ ಹಿಡಿದೆವು. ಆ ದಾರಿಯಲ್ಲಿ ಚೆಕ್ ಮೂಲದವರ ಬೇಕರಿಗಳಿವೆ, ಕೊಲಾಚಿ ಎಂಬ ಮೆತ್ತನೆಯ ಹಣ್ಣಿನ ಬನ್ನಿಗೆ ಅವು ಹೆಸರುವಾಸಿ. ಮಾಮಾ ಕಾರು ನಿಲ್ಲಿಸಿ ಒಳಗೆ ಹೋಗಿ ಎರಡು ತಂದ. ಒಂದನ್ನು, ನನಗೆ ಇಷ್ಟವಾದ ಏಪ್ರಿಕಾಟಿನದನ್ನು, ಕಾಗದದ ಸಮೇತ ನನ್ನ ತೊಡೆಯ ಮೇಲಿಟ್ಟ. ಇನ್ನೂ ಬಿಸಿಯಿತ್ತು. ನಾನು ಅದನ್ನು ಎತ್ತಿ ಡ್ಯಾಶ್‌ಬೋರ್ಡಿನ ಮೇಲಿಟ್ಟು ಕಿಟಕಿಯತ್ತ ತಿರುಗಿಕೊಂಡೆ. ಸ್ಟಾಫರ್ಡ್ ಮುಟ್ಟುವವರೆಗೂ ಅದು ಗಾಜಿನ ಹತ್ತಿರ ಹಾಗೇ ಇತ್ತು. ಮನೆ ಬಂದ ಮೇಲೆ ಅವನೇ ಅದನ್ನು ಒಳಗೆ ಒಯ್ದ.

ಮಾರನೇ ದಿನ ಗಂಗತ್ತಿ ಅಡುಗೆಮನೆಯ ಟೇಬಲ್ಲಿನ ಮೇಲೆ ಆ ಪುಸ್ತಕ ತೆರೆದಳು. ನಾನು ಅಳುತ್ತ, ಇಂಗ್ಲಿಷಿನಲ್ಲಿ, ಅವನು ನಿಂತುಬಿಟ್ಟ, ನಿಂತರೆ ಹೇಳಿಕೊಡಲೆಂದೇ ತಾನೇ ನಾನು ಕೂತದ್ದು ಎಂದು ವಾದ ಮಾಡುತ್ತಿದ್ದೆ. ಅವಳು ಅಂಚಿನ ಜಿಲೇಬಿಯ ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದಳು: "ಇಲ್ಲಿ ಅಂವ ತಾನ ನಿಲ್ತಾನ. ಹತ್ತು ಎಣಸು. ಸುಮ್ಮ ಕೂಡು." ನನ್ನ ಅಳು ಗಕ್ಕನೆ ನಿಂತಿತು. ಆಮೇಲೆ ಅವಳು, ತಪ್ಪು ನಿಂದಲ್ಲ, ನಂದು, ಓದಲು ಬಾರದ ಹುಡುಗಿಗೆ ಓದಲು ಕೊಟ್ಟೆ ಎಂದು ತನ್ನ ಹಣೆಯನ್ನೇ ಬಡಿದುಕೊಂಡಳು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಗಂಗತ್ತಿ ನಿಜವನ್ನು ಅರ್ಧ ಹೇಳುವವಳಲ್ಲ.

"ಅವರಪ್ಪ ಹಂಗ ಅಂದಿಲ್ಲವ್ವಾ," ಎಂದಳು. "ಬೆಲ್ಟ್ ಬಿಚ್ಚಿ ಹೊಡದಿದ್ದ. ಉಂಡೀಯೇನು ಅನ್ನೋ ಮಾತು ಇಂವ ಕೇಳಿದ್ದು ಈ ಮನ್ಯಾಗ. ಅದನ್ನ ಒಯ್ದು ಅವರಪ್ಪನ ಬಾಯಾಗ ಇಟ್ಟಾನ. ಅದಕ್ಕ ಅಲ್ಲಿ ಅಷ್ಟೊತ್ತು ನಿಲ್ತಾನ, ಅವರಪ್ಪಗ ಅದನ್ನ ಅನ್ನಾಕ ಹೊತ್ತು ಬೇಕಲ್ಲ."

ಹನ್ನೊಂದು ವರ್ಷದ ಹುಡುಗಿಗೆ ಅದು ಎಷ್ಟು ಅರ್ಥವಾಗಬೇಕೋ ಅಷ್ಟಾಯಿತು. ನಾನು ಬರೀ ಪದ್ಯ ಕೆಡಿಸಿರಲಿಲ್ಲ.

ಮುಂದಿನ ಶನಿವಾರದಿಂದಲೇ ಗಂಗತ್ತಿ ನನಗೆ ಅಕ್ಷರ ಕಲಿಸಲು ಕೂತಳು. ಮೂರನೇ ವಾರಕ್ಕೆ ಮಾಮಾ ಕೂಡ ಒಂದು ನೋಟ್‌ಬುಕ್ ಹಿಡಿದು ನನ್ನ ಪಕ್ಕ ಬಂದು ಕೂತ. ಅರವತ್ತರ ಗಂಡಸು, ಪೈಪು ತಿರುವಿ ಒರಟಾದ ಬೆರಳು, ಪೆನ್ಸಿಲ್ಲನ್ನು ಮುರಿಯುವ ಹಾಗೆ ಹಿಡಿದು ಅ ಆ ಇ ಈ ತಿದ್ದುತ್ತಿದ್ದ. ಅವನ ಒಂದು ಹಟ ನಮಗೆಲ್ಲ ನಗೆ ತರಿಸುತ್ತಿತ್ತು. ಒತ್ತಕ್ಷರವನ್ನು ಅವನು ಮೇಲಿನ ಅಕ್ಷರದಷ್ಟೇ ದೊಡ್ಡದಾಗಿ ಬರೆಯುತ್ತಿದ್ದ. ಹಾಗಲ್ಲೋ, ಚಿಕ್ಕದು ಬರಿ ಎಂದು ಗಂಗತ್ತಿ ತಿದ್ದಿದರೆ, ಕೆಳಗಿದ್ದಾನೆಂದು ಅವನನ್ನು ಯಾಕೆ ಕುಗ್ಗಿಸಬೇಕು, ನಮ್ಮ ದೇಶದಲ್ಲಿ ಹಾಗೆ ಮಾಡುವುದಿಲ್ಲ ಎಂದು ವಾದಿಸುತ್ತಿದ್ದ. ಒಂದು ವರ್ಷ ಹಾಗೆ ಕಲಿತೆವು. ನಾನು ಈಗ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಎಂದರೆ ಆ ಟೇಬಲ್ಲಿನ ಪುಣ್ಯ.

ಆದರೆ ನೀಲಿ ರಟ್ಟಿನ ಪುಸ್ತಕವನ್ನು ನಾನು ಮತ್ತೆ ಮುಟ್ಟಲಿಲ್ಲ. ಒಂದು ಬೆಳಿಗ್ಗೆ, ನಾಷ್ಟಾದ ದಿನ, ಮಾಮಾ ಬಂದು, ಇವತ್ತು ಗೇಟಿನ ಪದ್ಯ ಹೇಳಬೇಕೆಂದಿದ್ದೇನೆ, ಪುಸ್ತಕ ಹಿಡಿದು ನೀನು ಕೂರುತ್ತೀಯಾ ಎಂದು ಕೇಳಿದ. ಹೋಮ್‌ವರ್ಕ್ ಇದೆ ಎಂದೆ. ಅವನು ಸರಿ ಎಂದು ಹೊರಟುಹೋದ. ಯಾರನ್ನೂ ಎರಡನೇ ಸಲ ಕೇಳುವ ಜಾಯಮಾನ ಅವನದಲ್ಲ. ಅವತ್ತು ಅವನು ಬೇರೆ ಪದ್ಯ ಹೇಳಿದ. ಮುಂದೆ ಎಂದೂ ಗೇಟಿನ ಪದ್ಯ ಹೇಳಲಿಲ್ಲ. ನಾನು ಅಲ್ಲಿದ್ದಾಗ ಎಷ್ಟೋ ಸಲ ವೆಸ್ ಅಂಕಲ್ ಅದನ್ನೇ ಹೇಳು ಎಂದು ಕಾಡುತ್ತಿದ್ದರು. ತನ್ನ ಜೊತೆಯವರು ಇನ್ನೂ ಬಂದಿಲ್ಲ ಎಂದು ಮಾಮಾ ನಕ್ಕು ಚಹಾ ಬಗ್ಗಿಸುತ್ತಿದ್ದ. ನನ್ನ ಮನಸ್ಸಿಗೆ ನೋವಾಗದಿರಲಿ ಎಂದು ಹಾಗೆ ಹಾರಿಸಿಬಿಡುತ್ತಿದ್ದಾನೆ ಎಂದುಕೊಂಡು, ನಾನು ಒಲೆಯ ಹತ್ತಿರ ಮಿರ್ಚಿ ತಿರುವಿಹಾಕುತ್ತ ಬೆನ್ನು ಮಾಡಿ ನಿಂತಿರುತ್ತಿದ್ದೆ. ಆಮೇಲೆ ಓದಲು ಆಸ್ಟಿನ್ನಿಗೆ ಬಂದೆ, ಅಲ್ಲೇ ಡೊಮೇನ್ ಎಂಬ ಆಫೀಸುಗಳ ಬಡಾವಣೆಯ ಹತ್ತಿರ ಕೆಲಸ ಸಿಕ್ಕಿತು, ಮದುವೆ, ಮಗು. ತಿಂಗಳ ಮೊದಲ ಶನಿವಾರ ನನಗೆ ಯಾವಾಗಲೂ ಏನಾದರೊಂದು ಅಡ್ಡಿ ಬರುತ್ತಿತ್ತು. ಬರುತ್ತಿತ್ತು ಎಂದರೆ, ನಾನೇ ತಂದುಕೊಳ್ಳುತ್ತಿದ್ದೆ.

ಮಾಮಾ ಊರಿಗೆ ಹೋಗಲೇ ಇಲ್ಲ. ಹಿಮ ಬಿದ್ದು ಟೆಕ್ಸಾಸಿಗೆಲ್ಲ ಕರೆಂಟ್ ಹೋದ ಆ ಫೆಬ್ರವರಿಯಲ್ಲಿ ನೀಲಗಿರಿ ಮರ ನಿಂತಲ್ಲೇ ಸತ್ತಿತು. ಅದನ್ನು ಅವನು ಕಡಿಸಲಿಲ್ಲ, ಚಿಗುರಬಹುದು ಎನ್ನುತ್ತಿದ್ದ. ಚಿಗುರಲಿಲ್ಲ. ಕೆಲವು ವರ್ಷ ಕಳೆದು, ಒಂದು ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಗಂಗತ್ತಿ ನನ್ನ ಮನೆಗೆ ಬರಲು ಒಪ್ಪಿದಳು, ಮನೆ ಮಾರಾಟವಾಯಿತು. ಕೀಲಿ ಕೊಡುವ ಮೊದಲು, ಹೋದ ಡಿಸೆಂಬರಿನ ಮೊದಲ ಶನಿವಾರ, ಕೊನೆಯದೊಂದು ನಾಷ್ಟಾ ಆಗಲೇ ಬೇಕು ಎಂದಳು.

ಎಲ್ಲರೂ ಬಂದರು. ವೆಸ್ ಅಂಕಲ್ ಕೋಲೂರಿಕೊಂಡು ಬಂದರು. ಡಾಲಸ್ಸಿನ ದಂಪತಿಗಳಲ್ಲಿ ಹೆಂಡತಿ ಒಬ್ಬಳೇ ಬಂದಳು. ಗಂಗತ್ತಿ ಗೇಟಿನಲ್ಲಿ ನಿಂತು ಎಲ್ಲರನ್ನೂ ಉಂಡೀರೇನ್ರಿ ಎಂದು ಕೇಳಿದಳು, ಎಲ್ಲರೂ ಇಲ್ರಿ ಎಂದರು. ರೊಟ್ಟಿ ನಾನೇ ಬೇಯಿಸಿದೆ, ತಳ ಹೊತ್ತಿಸಿದೆ, ಎಲ್ಲರೂ ಕಾಕವಿ ಸುರಿದುಕೊಂಡು ತಿಂದರು. ಬಂದವರು ಒಬ್ಬೊಬ್ಬರಾಗಿ ಮಾಮಾನ ಪದ್ಯ ಹೇಳಿದರು. ಕೊನೆಗೆ ಗಂಗತ್ತಿ ಎದ್ದಳು. ನಲವತ್ತು ವರ್ಷ ಎತ್ತಿಕೊಡುತ್ತ ಕೂತವಳು ಅಂದು ಮೊದಲ ಸಲ ನಿಂತಳು. ನೀಲಿ ರಟ್ಟಿನ ಪುಸ್ತಕವನ್ನು ತಂದು ನನ್ನ ತೊಡೆಯ ಮೇಲಿಟ್ಟು, ತನ್ನ ಸ್ಟೂಲನ್ನು ಕಾಲಿನಿಂದ ನನ್ನತ್ತ ಸರಿಸಿದಳು. ಬೇಡ ಎನ್ನಲು ಬಾಯಿ ತೆರೆದೆ. ಅವಳ ಮುಖ ನೋಡಿ ಕೂತೆ.

ಕ್ಲೆಮ್‌ನ ಪದ್ಯ, ಗೇಟು ಎಂದಳು. ವೆಸ್ ಅಂಕಲ್ ಟೊಪ್ಪಿಗೆ ತೆಗೆದರು. ಅವಳ ಇಂಗ್ಲಿಷಿನಲ್ಲಿ ಧಾರವಾಡವಿದೆ, ಕುರಿಗಳು ಅವಳ ಬಾಯಲ್ಲಿ ನಮ್ಮ ಕಡೆಯ ಕುರಿಗಳಂತೆಯೇ ನಡೆದವು, ಆದರೆ ಲಯ ಒಂದಿಷ್ಟೂ ತಪ್ಪಲಿಲ್ಲ. ನಾನು ಬೆರಳು ಸರಿಸುತ್ತ ಹೋದೆ. ಹುಡುಗ ಗೇಟು ಮರೆತ. ಕುರಿ ಹೋದವು. ತಂದೆ ದಿನವಿಡೀ ನಡೆದ. ಪುಟ ತಿರುವಿದೆ. ತಂದೆ ಎದುರಿಗೆ ಬಂದ, ಧೂಳು ಒರೆಸಿಕೊಂಡ, ಮಗನನ್ನು ನೋಡಿದ. ಗಂಗತ್ತಿ ನಿಂತಳು.

ನಾನು ಹತ್ತು ಎಣಿಸಲು ಸಿದ್ಧಳಾಗಿದ್ದೆ. ಪ್ರಾಣ ಹೋದರೂ ಈ ಸಲ ಬಾಯಿ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿ ಹಿಡಿದಿದ್ದೆ. ಐದು. ಆರು. ಅಂಚಿನತ್ತ ಕಣ್ಣು ಹೋಯಿತು. ಗಂಗತ್ತಿಯ ಆ ಹಳೆಯ ಸಾಲು, ಸುಮ್ಮ ಕೂಡು ಎಂಬುದು, ಅಲ್ಲೇ ಇತ್ತು. ಅದರ ಮೇಲೆ ಯಾರೋ ಪೆನ್ಸಿಲ್ಲಿನಿಂದ ಗೆರೆ ಎಳೆದು ಹೊಡೆದುಹಾಕಿದ್ದರು. ಕೆಳಗೆ ದಪ್ಪ ದಪ್ಪ ಅಕ್ಷರಗಳಲ್ಲಿ ಎರಡೇ ಶಬ್ದ ಬರೆದಿತ್ತು. ಇಲ್ಲಿ ಚಿನ್ನಿ.

ಲಕಾರದ ಒತ್ತು ಮೇಲಿನ ಲಕಾರದಷ್ಟೇ ದೊಡ್ಡದಿತ್ತು. ನಕಾರದ್ದೂ ಹಾಗೆಯೇ. ಪೆನ್ಸಿಲ್ ಮಾಸಿ ಬೂದು ಬಣ್ಣಕ್ಕೆ ತಿರುಗಿತ್ತು, ಬರೆದು ಎಷ್ಟೋ ವರ್ಷಗಳಾಗಿರಬೇಕು. ತನ್ನ ಜೊತೆಯವರು ಇನ್ನೂ ಬಂದಿಲ್ಲ ಎಂದು ಮಾಮಾ ನಕ್ಕು ಹೇಳುತ್ತಿದ್ದದ್ದು ಹಾರಿಸುವ ಮಾತಾಗಿರಲಿಲ್ಲ. ಆ ನಿಲುಗಡೆಯನ್ನು ನನಗೆ ಬಿಟ್ಟುಕೊಟ್ಟು, ನಾನು ಬಂದು ಕೂರಲಿ ಎಂದು ಅವನು ಪದ್ಯವನ್ನೇ ಎತ್ತಿಟ್ಟಿದ್ದ. ನಾನು ಒಲೆಯ ಮುಂದೆ ಬೆನ್ನು ಮಾಡಿಕೊಂಡು ನಿಂತಿದ್ದೆ.

ತಲೆಯೆತ್ತಿದೆ. ಗಂಗತ್ತಿ ನನ್ನನ್ನೇ ನೋಡುತ್ತಿದ್ದಳು. ಹತ್ತು ಎಂದೋ ಕಳೆದುಹೋಗಿತ್ತು. ಪುಟದ ಮೇಲೆ ಇದ್ದದ್ದು ಇಂಗ್ಲಿಷಿನ ನಾಲ್ಕು ಶಬ್ದಗಳು. ಆದರೆ ನಾನು ಎದ್ದು ನಿಂತಾಗ ನನ್ನ ಬಾಯಿಂದ ಬಂದದ್ದು ಅವಲ್ಲ.

"ಉಂಡೀಯೇನೋ, ಮಗನ?" ಎಂದೆ.

ಯಾರೂ ನಗಲಿಲ್ಲ, ಅರ್ಥ ಕೇಳಲಿಲ್ಲ. ಆ ಹಿತ್ತಲಿನಲ್ಲಿ ಆ ಮಾತನ್ನು ತಿಳಿಯದವರು ಒಬ್ಬರೂ ಇರಲಿಲ್ಲ. ವೆಸ್ ಅಂಕಲ್ ಟೊಪ್ಪಿಗೆಯಿಂದ ಮುಖ ಮುಚ್ಚಿಕೊಂಡರು. ಗಂಗತ್ತಿ ಉಳಿದ ಎರಡು ಸಾಲು ಹೇಳಿದಳು. ಹುಡುಗ ಇಲ್ಲ ಎಂದು ತಲೆಯಾಡಿಸಿದ, ಇಬ್ಬರೂ ಸೇರಿ ಗೇಟು ಹಾಕಿ ಒಳಗೆ ಹೋದರು.

ಈಗ ಅಲ್ಲಿ ಬೇರೆಯವರಿದ್ದಾರೆ. ಒಣಗಿದ ಮರವನ್ನು ಕಡಿಸಿ ಹುಲ್ಲು ಹಾಸಿದ್ದಾರಂತೆ. ಒಳ್ಳೆಯದೇ ಆಯಿತು. ಪುಸ್ತಕ ನನ್ನ ಹತ್ತಿರವಿದೆ, ಪದ್ಯ ನನಗೆ ಬಾಯಿಪಾಠ ಬರುತ್ತದೆ, ಮಗನಿಗೂ ಅರ್ಧ ಬರುತ್ತದೆ. ಅವನು ನಿಲ್ಲುವ ಜಾಗದಲ್ಲಿ ನಿಲ್ಲುವುದನ್ನೂ ಕಲಿತಿದ್ದಾನೆ. ಯಾವುದಕ್ಕೂ ನಾನು ಕೊರಗುವ ಪೈಕಿ ಅಲ್ಲ. ಆದರೆ ಸ್ಟಾಫರ್ಡಿನ ಕಡೆ ಹೋಗುವಾಗ ಆ ಬೇಕರಿಗಳು ಬಂದರೆ ಪ್ರತಿ ಸಲವೂ ಕಾರು ನಿಲ್ಲಿಸುತ್ತೇನೆ, ಒಂದು ಏಪ್ರಿಕಾಟಿನದು ತೆಗೆದುಕೊಳ್ಳುತ್ತೇನೆ, ಬಿಸಿಯಿರುವಾಗಲೇ ತಿನ್ನುತ್ತೇನೆ. ಅವತ್ತಿನದನ್ನು ತಿನ್ನಬೇಕಾಗಿತ್ತು.